ಮೂಸಿ ದಂಡೆಯ ಹುಲ್ಲು, ಎಮ್ಮೆ ಹೊಟ್ಟೆಯ ಹುಳು

ಹೈದರಾಬಾದಿನ ತಬೇಲಾಗಳಲ್ಲಿ ಹಾಲು ಕೊಡುವ ಎಮ್ಮೆಗಳಲ್ಲಿ ಹೆಚ್ಚಿನವು ಗೋಮಾಳ ಕಂಡವಲ್ಲ. ಕಟ್ಟಿದ ಜಾಗದಲ್ಲೇ ತಿಂದು, ಕುಡಿದು, ಅಲ್ಲೇ ಮಲಗುತ್ತವೆ. ಮೇಯಲು ಹೋಗದ ಎಮ್ಮೆಗೆ ಹುಳು ಎಲ್ಲಿಂದ ಬರಬೇಕು ಎಂದು ಸಾಕುವವರು ಕೇಳುವುದು ಸಹಜ. ಅದು ಹುಲ್ಲಿನ ಹೊರೆಯ ಜೊತೆ ಬರುತ್ತದೆ. ಊರಿನ ಕೊಳಚೆಯನ್ನು ಹೊತ್ತು ಪೂರ್ವಕ್ಕೆ ಹರಿಯುವ ಮೂಸಿ ನದಿಯ ದಂಡೆಯಲ್ಲಿ, ಪೀರ್ಜಾದಿಗುಡದ ಆಸುಪಾಸಿನಿಂದ ಕೆಳಕ್ಕೆ, ವರ್ಷವಿಡೀ ಪ್ಯಾರಾ ಹುಲ್ಲು ಬೆಳೆಯುತ್ತದೆ. ಬೇಸಿಗೆಯಲ್ಲೂ ಹಸಿರು ಮೇವು ಸಿಗುವುದು ಈ ಕೊಳಚೆ ನೀರಿನಿಂದಲೇ. ಈ ಶತಮಾನದ ಆರಂಭದಲ್ಲಿ ಅಂತಾರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆಗಾಗಿ ಸ್ಟೆಫನಿ ಬ್ಯೂಚ್ಲರ್ ಮತ್ತು ಗಾಯತ್ರಿ ದೇವಿ ಈ ದಂಡೆಯ ಬದುಕನ್ನು ಅಧ್ಯಯನ ಮಾಡಿದಾಗ, ಹುಲ್ಲು ಬೆಳೆಯುವವರು, ಕೊಯ್ಯುವವರು, ಹೊತ್ತು ಮಾರುವವರು, ಕೊಂಡು ಎಮ್ಮೆ ಸಾಕುವವರು ಎಲ್ಲರೂ ಆ ಒಂದೇ ನೀರನ್ನು ನಂಬಿದ್ದು ಕಂಡುಬಂತು.

ಹುಳುವಿನ ಔಷಧದ ಮಾತು ಬಂದರೆ ಸಾಮಾನ್ಯವಾಗಿ ಅದು ಯಾವ ಬಾಟಲಿ, ಎಷ್ಟು ತಿಂಗಳಿಗೊಮ್ಮೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅದಕ್ಕಿಂತ ಮೊದಲು ಕೇಳಬೇಕಾದದ್ದಿದೆ: ಯಾವ ಹುಳು, ಯಾವ ವಯಸ್ಸಿನ ದನ, ಎಲ್ಲಿಯ ಮೇವು? ತೆಲಂಗಾಣದಲ್ಲಿ 2019ರ ಜಾನುವಾರು ಗಣತಿಯ ಪ್ರಕಾರ ದನಗಳು ಸುಮಾರು 42 ಲಕ್ಷ, ಎಮ್ಮೆಗಳೂ ಹೆಚ್ಚುಕಡಿಮೆ ಅಷ್ಟೇ. ತಬೇಲಾದ ಮುರ್ರಾ ಎಮ್ಮೆಗೂ ಜಹೀರಾಬಾದ್ ಕಡೆಯ ಬಯಲಲ್ಲಿ ಮೇಯುವ ದೇವಣಿ ಹಸುವಿಗೂ ಒಂದೇ ತಾರೀಕಿಗೆ ಒಂದೇ ಔಷಧ ಕುಡಿಸುವುದರಲ್ಲಿ ಅರ್ಥವಿಲ್ಲ.

ಮೂಸಿ ನೀರು ಎಂದ ಕೂಡಲೇ ಜನರಿಗೆ ಹುಳುವಿನ ಭಯ ಬರುವುದಕ್ಕೆ ಆಧಾರವಿದೆ. ಯೆರೂನ್ ಎನ್ಸಿಂಕ್ ಮತ್ತು ಸಂಗಡಿಗರು ಇಲ್ಲಿನ ಕೊಳಚೆ ನೀರಿನ ಗದ್ದೆಗಳಲ್ಲಿ ದುಡಿಯುವ ಕುಟುಂಬಗಳನ್ನು ಪರೀಕ್ಷಿಸಿ, ಕೊಕ್ಕೆಹುಳು ಮುಂತಾದವುಗಳ ಬಾಧೆ ಆ ನೀರಿನ ಜೊತೆ ಹೇಗೆ ಏರುತ್ತದೆಂದು 2008ರಲ್ಲಿ ಪ್ರಕಟಿಸಿದರು. ನದಿಗೆ ಅಡ್ಡಲಾಗಿ ಕಟ್ಟಿದ ಕತ್ವಾಗಳಲ್ಲಿ ನೀರು ನಿಂತು ಹರಿಯುವಾಗ ಮೊಟ್ಟೆಗಳು ತಳ ಸೇರುತ್ತವೆ, ಕೆಳಕ್ಕೆ ಹೋದಷ್ಟೂ ನೀರು ಶುದ್ಧವಾಗುತ್ತದೆ ಎಂಬುದನ್ನೂ ಅವರು ತೋರಿಸಿದರು. ಆದರೆ ಆ ಮೊಟ್ಟೆಗಳು ಹೆಚ್ಚಾಗಿ ಮನುಷ್ಯರ ಹುಳುಗಳವು, ಎಮ್ಮೆಯ ಹೊಟ್ಟೆಯಲ್ಲಿ ಬೆಳೆಯುವಂಥವಲ್ಲ. ಎಮ್ಮೆಗೆ ಅಪಾಯ ತರುವುದು ನೀರಿನ ಬಸವನಹುಳು. ಯಕೃತ್ತಿನ ಹುಳುವಿಗೆ ಆಸರೆ ಕೊಡುವ ಲಿಮ್ನಿಯಾ ಜಾತಿಯ ಬಸವನಹುಳುವಿಗೆ ತಿಳಿಯಾದ, ನಿಧಾನವಾಗಿ ಹರಿಯುವ ನೀರು ಬೇಕು. ಹೊಟ್ಟೆಯ ಚಪ್ಪಟೆ ಹುಳುವನ್ನು ಸಾಕುವ ಇಂಡೋಪ್ಲಾನಾರ್ಬಿಸ್ ಜಾತಿ ರಾಡಿ ಹೊಂಡದಲ್ಲೂ ಬದುಕುತ್ತದೆ. ಹಾಗಾಗಿ ಮನುಷ್ಯನ ಹುಳುವಿನ ಲೆಕ್ಕದಲ್ಲಿ ಸುರಕ್ಷಿತವಾಗುತ್ತ ಹೋಗುವ ಕೆಳದಂಡೆಯ ನೀರು ಎಮ್ಮೆಯ ಹುಳುವಿನ ಲೆಕ್ಕದಲ್ಲಿಯೂ ಸುರಕ್ಷಿತ ಎಂದುಕೊಳ್ಳಲಾಗದು. ಹುಲ್ಲಿನ ಹೊರೆ ಯಾವ ಊರಿನ ಯಾವ ಗದ್ದೆಯದು ಎಂದು ಕೇಳಿ ಕೊಳ್ಳುವುದು ಪಶುವೈದ್ಯಕೀಯದ ಭಾಗವೇ.

ಯಕೃತ್ತಿನ ಹುಳುವಿನ ಜೀವನಚಕ್ರವನ್ನು 1880ರ ದಶಕದ ಆರಂಭದಲ್ಲಿ ಜರ್ಮನಿಯ ಲ್ಯೂಕಾರ್ಟ್ ಮತ್ತು ಇಂಗ್ಲೆಂಡಿನ ಥಾಮಸ್ ಬೇರೆಬೇರೆಯಾಗಿ ಬಿಡಿಸಿಟ್ಟರು. ಸಗಣಿಯ ಜೊತೆ ಬಿದ್ದ ಮೊಟ್ಟೆ ನೀರಿನಲ್ಲಿ ಒಡೆದು ಮರಿ ಹೊರಬರುತ್ತದೆ. ಅದು ಬಸವನಹುಳುವಿನೊಳಗೆ ಹೊಕ್ಕು ನೂರಾರು ಮರಿಗಳಾಗಿ ಹೊರಬಿದ್ದು, ನೀರಿಗೆ ತಾಗಿದ ಹುಲ್ಲಿನ ಕಡ್ಡಿಗೆ ಕೋಶವಾಗಿ ಅಂಟಿಕೊಳ್ಳುತ್ತದೆ. ದನ ಆ ಹುಲ್ಲು ತಿಂದರೆ ಮರಿಹುಳು ಕರುಳನ್ನು ಕೊರೆದು ಯಕೃತ್ತಿಗೆ ಹೋಗಿ, ಅಲ್ಲಿ ವಾರಗಟ್ಟಲೆ ಮಾಂಸವನ್ನು ತಿನ್ನುತ್ತ ಅಲೆದು, ಕೊನೆಗೆ ಪಿತ್ತನಾಳ ಸೇರುತ್ತದೆ. ನಮ್ಮ ಕಡೆಯ ಫ್ಯಾಸಿಯೋಲಾ ಜೈಗಾಂಟಿಕಾ ಬೆಳೆದು ಮೊಟ್ಟೆಯಿಡಲು ಮೂರೂವರೆ ತಿಂಗಳಷ್ಟು ಬೇಕು. ಎಂದರೆ, ಹಾನಿ ತೀವ್ರವಾಗಿರುವ ಕಾಲದಲ್ಲಿ ಸಗಣಿ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ಗದ್ದದ ಕೆಳಗೆ ನೀರು ಇಳಿದು ಬಾತುಕೊಂಡಾಗ, ಕಣ್ಣಿನ ರೆಪ್ಪೆಯ ಒಳಗು ಬಿಳಿಚಿದಾಗ ಔಷಧಕ್ಕೆ ಓಡುತ್ತಾರೆ. ಅಷ್ಟು ಹೊತ್ತಿಗೆ ಯಕೃತ್ತು ಗಟ್ಟಿಯಾಗಿ ಹೋಗಿರುತ್ತದೆ. ಕಸಾಯಿಖಾನೆಯಲ್ಲಿ ಕಲೇಜಿಯನ್ನು ಕೊಯ್ದು ನೋಡುವವರಿಗೆ ಈ ಹುಳುವಿನ ಪರಿಚಯ ಸಾಕುವವರಿಗಿಂತ ಚೆನ್ನಾಗಿ ಇರುತ್ತದೆ.

ಹೊಟ್ಟೆಯ ಚಪ್ಪಟೆ ಹುಳು, ಅಂದರೆ ಆಂಫಿಸ್ಟೋಮ್, ಇದಕ್ಕೆ ತದ್ವಿರುದ್ಧ. ಬೆಳೆದ ಹುಳುಗಳು ಎಮ್ಮೆಯ ಮೇವಿನ ಚೀಲದ ಗೋಡೆಗೆ ದಾಳಿಂಬೆ ಬೀಜ ಅಂಟಿಸಿದ ಹಾಗೆ ಸಾವಿರಗಟ್ಟಲೆ ಇದ್ದರೂ ದೊಡ್ಡ ಎಮ್ಮೆ ತಡೆದುಕೊಳ್ಳುತ್ತದೆ, ಸಗಣಿಯಲ್ಲಿ ಮೊಟ್ಟೆಗಳೂ ಹೇರಳವಾಗಿ ಸಿಗುತ್ತವೆ. ಕೊಲ್ಲುವುದು ಸಣ್ಣಕರುಳಲ್ಲಿ ಅಂಟಿಕೊಂಡ ಮರಿಹುಳು. ಕರುಗಳಿಗೆ, ಕುರಿಗಳಿಗೆ ತಡೆಯಲಾಗದ ವಾಸನೆಯ ನೀರು ಭೇದಿಯಾಗುತ್ತದೆ, ಸಗಣಿಯಲ್ಲಿ ಮೊಟ್ಟೆ ಮಾತ್ರ ಇರುವುದಿಲ್ಲ. ಹಾಗಾಗಿ ಪ್ರಯೋಗಾಲಯದ ಚೀಟಿಯನ್ನೂ ದನದ ವಯಸ್ಸು, ಮೇವು, ಋತು ಇವುಗಳ ಜೊತೆ ಇಟ್ಟು ಓದಬೇಕು. ಇದೇ ಇಂಡೋಪ್ಲಾನಾರ್ಬಿಸ್ ಬಸವನಹುಳುವಿನಿಂದ ಬರುವ ಇನ್ನೊಂದು ಪೀಡೆ ಗೊರಕೆ ರೋಗ. ಮೂಗಿನ ರಕ್ತನಾಳಗಳಲ್ಲಿ ಬದುಕುವ ಈ ಹುಳುವನ್ನು 1930ರ ದಶಕದಲ್ಲಿ ಮದ್ರಾಸಿನ ಎಂ. ಅನಂತನಾರಾಯಣ ರಾವ್ ವಿವರಿಸಿದರು. ದನಗಳು ಗೊರಗುಟ್ಟುತ್ತ ಸೊರಗುತ್ತವೆ, ಎಮ್ಮೆಗಳು ಸಾಮಾನ್ಯವಾಗಿ ಲಕ್ಷಣ ತೋರಿಸದೆ ಹುಳುವನ್ನು ಹೊತ್ತಿರುತ್ತವೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಜಂತಿನ ಔಷಧ ಇದರ ಹತ್ತಿರವೂ ಸುಳಿಯುವುದಿಲ್ಲ.

ತಬೇಲಾದಲ್ಲಿ ಔಷಧವನ್ನು ಖಂಡಿತ ಕೊಡಲೇಬೇಕಾದ ಪ್ರಾಣಿ ಯಾವುದೆಂದು ಕೇಳಿದರೆ ನಾನು ಹಿಂಡುವ ಎಮ್ಮೆಯನ್ನಲ್ಲ, ಅದರ ಕರುವನ್ನು ತೋರಿಸುತ್ತೇನೆ. ಟಾಕ್ಸೋಕಾರಾ ವಿಟುಲೋರಮ್ ಎಂಬ ದೊಡ್ಡ ದುಂಡುಹುಳು ತಾಯಿಯ ಮೈಯಲ್ಲಿ ಮರಿಯಾಗಿ ಅಡಗಿದ್ದು, ಹೆರಿಗೆ ಹತ್ತಿರವಾದಾಗ ಎಚ್ಚೆತ್ತು ಕೆಚ್ಚಲಿಗೆ ಬಂದು, ಗಿಣ್ಣುಹಾಲು ಮತ್ತು ಮೊದಲ ದಿನಗಳ ಹಾಲಿನಲ್ಲೇ ಕರುವಿಗೆ ಇಳಿಯುತ್ತದೆ. ಹಾಗೆಂದು ಗಿಣ್ಣು ತಪ್ಪಿಸಿದರೆ ಕರು ಬೇರೆ ರೋಗಕ್ಕೆ ಬಲಿಯಾಗುತ್ತದೆ, ಗಿಣ್ಣು ಕುಡಿಯಲೇಬೇಕು. ಮೂರು-ನಾಲ್ಕು ವಾರದ ಕರು ಹೊಟ್ಟೆ ಉಬ್ಬಿಸಿಕೊಂಡು, ಮಣ್ಣಿನ ಬಣ್ಣದ ಭೇದಿ ಮಾಡುತ್ತ, ಕೂದಲು ನಿಮಿರಿಸಿ ನಿಂತರೆ ಮೊದಲ ಅನುಮಾನ ಇದರ ಮೇಲೆ ಬೀಳಬೇಕು. ಶ್ರೀಲಂಕಾದ ಎಮ್ಮೆಗಳ ಮೇಲೆ ಜೆ.ಎ. ರಾಬರ್ಟ್ಸ್ ಮತ್ತು ಸಂಗಡಿಗರು ನಡೆಸಿದ ಕೆಲಸದಿಂದ ಒಂದು ಸರಳ ದಾರಿ ತೆರೆಯಿತು: ಹಾಲಿನ ಮೂಲಕ ಮರಿಹುಳು ಬರುವುದು ಮೊದಲ ದಿನಗಳಲ್ಲೇ ಬಹುತೇಕ ಮುಗಿಯುವುದರಿಂದ, ಹುಟ್ಟಿದ ಹತ್ತು-ಹದಿನಾರು ದಿನಗಳೊಳಗೆ ಸರಿಯಾದ ಒಂದು ಡೋಸು ಕೊಟ್ಟರೆ ಹುಳು ಮೊಟ್ಟೆಯಿಡುವ ಮುನ್ನವೇ ಸಾಯುತ್ತದೆ. ಕರುವೂ ಉಳಿಯುತ್ತದೆ, ಕೊಟ್ಟಿಗೆಯ ನೆಲವೂ ಮೊಟ್ಟೆಯಿಂದ ಉಳಿಯುತ್ತದೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹೇಳುವುದೂ ಹತ್ತರಿಂದ ಹದಿನಾಲ್ಕನೇ ದಿನದ ಮೊದಲ ಡೋಸನ್ನೇ. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಎಂಬ ಅದರ ಸಲಹೆಯನ್ನು ಕಟ್ಟಿ ಸಾಕುವ ಕರುಗಳಿಗೆ ಸಗಣಿ ನೋಡಿ ಕಡಿಮೆ ಮಾಡಬಹುದು ಎಂದು ನನಗನ್ನಿಸುತ್ತದೆ. ಮೊದಲ ಡೋಸಿನಲ್ಲಿ ಮಾತ್ರ ರಾಜಿಯಿಲ್ಲ. ಗಂಡುಗರುವೆಂದು ಕಡೆಗಣಿಸಿದ ಮನೆಯಲ್ಲಿ ಕರು ಸತ್ತ ಮೇಲೆ ಎಮ್ಮೆ ಸೊರ ಬಿಡುವುದಿಲ್ಲ, ಆಗ ಹಾಲಿಳಿಸಲು ಆಕ್ಸಿಟೋಸಿನ್ ಸೂಜಿ ಬರುತ್ತದೆ. ಪೈಪರಜಿನ್‌ನಂಥ ಅಗ್ಗದ ಔಷಧದಿಂದ ತಪ್ಪಿಸಬಹುದಾದ ಸರಣಿ ಇದು.

ಔಷಧಗಳ ಕಥೆ ಬಹಳ ಹಳೆಯದಲ್ಲ. 1961ರಲ್ಲಿ ಬಂದ ಥಯಾಬೆಂಡಜೋಲ್ ಮೊದಲ ಬಾರಿಗೆ ಹುಳುವಿಗೆ ವಿಷ, ದನಕ್ಕೆ ಸುರಕ್ಷಿತ ಎನ್ನುವಂಥ ಔಷಧವಾಯಿತು. ಆ ದಶಕದಲ್ಲೇ ಲೆವಮಿಸೋಲ್ ವರ್ಗ, 1970ರ ದಶಕದಲ್ಲಿ ಆಲ್ಬೆಂಡಜೋಲ್ ಬಂದವು. ಜಪಾನಿನ ಕವಾನಾದ ಗಾಲ್ಫ್ ಮೈದಾನದ ಬಳಿಯ ಮಣ್ಣಿನಿಂದ ಸತೋಶಿ ಓಮುರಾ ಬೇರ್ಪಡಿಸಿದ ಸೂಕ್ಷ್ಮಜೀವಿಯಿಂದ ಹುಟ್ಟಿದ ಐವರ್ಮೆಕ್ಟಿನ್ 1981ರಲ್ಲಿ ಪಶುಗಳಿಗಾಗಿ ಮಾರುಕಟ್ಟೆಗೆ ಬಂತು. ಓಮುರಾ ಮತ್ತು ವಿಲಿಯಂ ಕ್ಯಾಂಪ್ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಸಂದಿತು. ಅದೇ ವರ್ಷ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲಾಮಕ್ಕಳಿಗೆ ಕೊಡುವ 400 ಮಿಲಿಗ್ರಾಂ ಮಾತ್ರೆಯಲ್ಲಿರುವುದೂ ಎಮ್ಮೆಗೆ ಕುಡಿಸುವ ಆಲ್ಬೆಂಡಜೋಲೇ.

ಯಾವುದು ಯಾವುದನ್ನು ಕೊಲ್ಲುತ್ತದೆ ಎಂಬುದು ಕುಡಿಸುವವರಿಗೆ ಗೊತ್ತಿರಬೇಕು. ಐವರ್ಮೆಕ್ಟಿನ್ ದುಂಡುಹುಳು, ಕಜ್ಜಿಹುಳು, ಹೇನುಗಳಿಗೆ ಒಳ್ಳೆಯದು. ಯಕೃತ್ತಿನ ಹುಳುವಿಗೂ ಲಾಡಿಹುಳುವಿಗೂ ಅದರಿಂದ ಏನೂ ಆಗುವುದಿಲ್ಲ. ಆಲ್ಬೆಂಡಜೋಲ್ ದುಂಡುಹುಳು, ಲಾಡಿಹುಳುಗಳ ಜೊತೆ ಹೆಚ್ಚಿನ ಡೋಸಿನಲ್ಲಿ ಯಕೃತ್ತಿನ ಬೆಳೆದ ಹುಳುವನ್ನು ಕೊಲ್ಲುತ್ತದೆ, ಅಲೆಯುತ್ತಿರುವ ಮರಿಯನ್ನಲ್ಲ. ಮರಿಯನ್ನೂ ಹಿಡಿಯುವುದು ಟ್ರೈಕ್ಲಾಬೆಂಡಜೋಲ್, ಅದು ಬೇರೆ ಯಾವ ಹುಳುವನ್ನೂ ಮುಟ್ಟುವುದಿಲ್ಲ. ಆಂಫಿಸ್ಟೋಮಿಗೆ ಆಕ್ಸಿಕ್ಲೋಜನೈಡ್. ಮೂಸಿ ದಂಡೆಯ ಹುಲ್ಲು ತಿನ್ನುವ ಎಮ್ಮೆಗೆ ವರ್ಷಕ್ಕೆ ಎರಡು ಸಲ ಐವರ್ಮೆಕ್ಟಿನ್ ಸೂಜಿ ಹಾಕಿಸಿ ಹುಳುವಿನ ಕೆಲಸ ಮುಗಿಯಿತು ಎಂದು ನಂಬಿದವರು ದುಡ್ಡನ್ನೂ ಕಾಲವನ್ನೂ ಕಳೆದುಕೊಳ್ಳುತ್ತಾರೆ. ರಕ್ತಹೀನತೆಯೆಲ್ಲ ಹುಳುವಿನದೂ ಅಲ್ಲ. ಮಿಶ್ರತಳಿಯ ಎಚ್‌ಎಫ್ ಹಸುವಿನ ಕಣ್ಣು ಬಿಳಿಚಿ ಜ್ವರವಿದ್ದರೆ ಉಣ್ಣೆಯಿಂದ ಬರುವ ಥೈಲೇರಿಯಾ ಇರಬಹುದು. ಅಲ್ಲಿ ಜಂತಿನ ಬಾಟಲಿಗೆ ಕಳೆದ ಎರಡು ದಿನವೇ ಹಸುವನ್ನು ಕೊಲ್ಲಬಹುದು.

ಹುಳುವಿನ ಔಷಧ ಕೊಟ್ಟರೆ ಹಾಲು ಏರುತ್ತದೆಯೇ? ಮಾರುವವರು ಲೀಟರುಗಟ್ಟಲೆ ಮಾತಾಡುತ್ತಾರೆ. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 1999ರಲ್ಲಿ ಬಂದ ಒಂದು ಸಮೀಕ್ಷೆ ದಿನಕ್ಕೆ ಸುಮಾರು 0.63 ಕಿಲೋ ಹೆಚ್ಚಳವನ್ನು ಕಂಡಿತು. 2004ರಲ್ಲಿ ಸ್ಯಾಂಚೆಜ್ ಮತ್ತು ಸಂಗಡಿಗರು ಇನ್ನಷ್ಟು ಬಿಗಿಯಾಗಿ ಲೆಕ್ಕ ಹಾಕಿದಾಗ ಅದು 0.35 ಕಿಲೋಗೆ ಇಳಿಯಿತು. ಆ ಹಸುಗಳು ಹೆಚ್ಚಾಗಿ ಹುಲ್ಲುಗಾವಲಲ್ಲಿ ಮೇಯುವ, ತಂಪು ದೇಶಗಳವು. ಹೊರಗೆ ಹೋಗದ ಎಮ್ಮೆಗೆ ದುಂಡುಹುಳುವಿನ ಹೊರೆಯೇ ಕಡಿಮೆಯಿದ್ದಾಗ ಅಷ್ಟೂ ಸಿಗಲಾರದು. ಯಕೃತ್ತಿನ ಹುಳು ಇರುವಲ್ಲಿ ಲಾಭ ನಿಜ, ಏಕೆಂದರೆ ಅಲ್ಲಿ ಉಳಿಯುವುದು ಹಾಲಿನ ಜೊತೆಗೆ ಎಮ್ಮೆಯ ಗಬ್ಬ, ತೂಕ, ಆಯುಷ್ಯ ಕೂಡ.

ಯಾವಾಗ ಕೊಡಬೇಕು ಎಂಬುದರಲ್ಲಿ ತಜ್ಞರಿಗೂ ನಿಜವಾದ ಇಕ್ಕಟ್ಟಿದೆ. ಏಪ್ರಿಲ್-ಮೇ ತಿಂಗಳ ದಖ್ಖನದ ಬಿಸಿಲಿಗೆ ಬಯಲಿನ ಹುಲ್ಲಿನ ಮೇಲಿರುವ ಮರಿಹುಳುಗಳು ಸುಟ್ಟುಹೋಗುತ್ತವೆ. ಉಳಿದ ಹುಳುವೆಲ್ಲ ದನಗಳ ಹೊಟ್ಟೆಯಲ್ಲೇ ಇರುವ ಆ ಹೊತ್ತಿನಲ್ಲಿ ಔಷಧ ಕೊಟ್ಟರೆ ಮುಂಗಾರಿನ ಹೊಸ ಹುಲ್ಲಿಗೆ ಹುಳು ಹರಡುವುದು ತಪ್ಪುತ್ತದೆ ಎಂಬುದು ಹಳೆಯ, ಒಳ್ಳೆಯ ತರ್ಕ. ಆದರೆ ಆಗ ಎಲ್ಲ ದನಕ್ಕೂ ಕೊಟ್ಟರೆ ಔಷಧಕ್ಕೆ ಬಗ್ಗದೆ ಉಳಿದ ಬೆರಳೆಣಿಕೆಯ ಹುಳುಗಳ ಸಂತಾನವೇ ಮಳೆಗಾಲದ ಹುಲ್ಲನ್ನು ಆಳುತ್ತದೆ, ಅದನ್ನು ತೆಳುಮಾಡಲು ಔಷಧ ತಾಗದ ಹುಳುಗಳು ಹೊರಗೆ ಉಳಿದಿರುವುದಿಲ್ಲ. ಭಾರತದಲ್ಲಿ ಕುರಿಯ ಹೀಮಾಂಕಸ್ ಹುಳು ಔಷಧಕ್ಕೆ ಬಗ್ಗದ ವರದಿ 1976ರಲ್ಲೇ ಬಂದಿತ್ತು. ಯಕೃತ್ತಿನ ಹುಳು ಟ್ರೈಕ್ಲಾಬೆಂಡಜೋಲಿಗೆ ಬಗ್ಗದ್ದು 1995ರಲ್ಲಿ ಆಸ್ಟ್ರೇಲಿಯಾದಲ್ಲಿ ಕಂಡಿತು. ದನಗಳಲ್ಲಿ ನಮಗೆ ಇನ್ನೂ ಸ್ವಲ್ಪ ಕಾಲಾವಕಾಶವಿದೆ ಎಂದೇ ನನ್ನ ನಂಬಿಕೆ. ಅದನ್ನು ಉಳಿಸಿಕೊಳ್ಳಬೇಕಾದರೆ ಮಂದೆಯ ಕರು, ಪಡ್ಡೆ, ಸೊರಗಿದ ದನಗಳಿಗೆ ಕೊಟ್ಟು, ಮೈ ತುಂಬಿದ ದೊಡ್ಡ ದನಗಳನ್ನು ಬಿಡುವುದು ಕಲಿಯಬೇಕು.

ಈ ಮಾತು ತೆಲಂಗಾಣಕ್ಕೆ ಇನ್ನೊಂದು ಕಾರಣಕ್ಕೂ ಮುಖ್ಯ. 2019ರ ಗಣತಿಯಲ್ಲಿ ಸುಮಾರು 1.9 ಕೋಟಿ ಕುರಿಗಳೊಡನೆ ಈ ರಾಜ್ಯ ದೇಶಕ್ಕೇ ಮೊದಲನೆಯದಾಯಿತು. 2017ರ ಜೂನ್‌ನಲ್ಲಿ ಆರಂಭವಾದ ಯೋಜನೆಯಡಿ ಗೊಲ್ಲ-ಕುರುಮ ಕುಟುಂಬಗಳಿಗೆ ಇಪ್ಪತ್ತು ಹೆಣ್ಣುಕುರಿ, ಒಂದು ಟಗರಿನ ಗುಂಪುಗಳನ್ನು ಹಂಚಲಾಯಿತು. ಕುರಿಗಳು ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಿಂದ ಲಾರಿಗಳಲ್ಲಿ ಬಂದವು. ಹರಿಯಾಣದಿಂದ ಮುರ್ರಾ ಎಮ್ಮೆ ಬರುವುದೂ ಹೀಗೆಯೇ. ಕೊಂಡು ತಂದ ಪ್ರಾಣಿಯ ಜೊತೆ ಆ ಊರಿನ ಹುಳುವೂ, ಅಲ್ಲಿ ವರ್ಷಗಟ್ಟಲೆ ಬಳಸಿದ ಔಷಧಕ್ಕೆ ಅದು ಕಲಿತ ಪ್ರತಿರೋಧವೂ ಬರುತ್ತದೆ. ಹೊಸ ಪ್ರಾಣಿಯನ್ನು ಬೇರೆ ಕಟ್ಟಿ, ಔಷಧ ಕೊಡುವ ಮುನ್ನ ಒಮ್ಮೆ, ಕೊಟ್ಟ ಹತ್ತು-ಹದಿನಾಲ್ಕು ದಿನಕ್ಕೆ ಇನ್ನೊಮ್ಮೆ ಮೊಟ್ಟೆ ಎಣಿಸಿದರೆ ಔಷಧ ಕೆಲಸ ಮಾಡಿತೋ ಇಲ್ಲವೋ ತಿಳಿಯುತ್ತದೆ. ಮೊಟ್ಟೆ ಶೇ. 95ರಷ್ಟೂ ಇಳಿಯದಿದ್ದರೆ ಅನುಮಾನಕ್ಕೆ ಜಾಗವಿದೆ.

ಪ್ರತಿರೋಧ ಬೆಳೆಸುವ ಇನ್ನೊಂದು ದಾರಿ ಅರೆ ಡೋಸು, ಇದು ನಮ್ಮಲ್ಲಿ ತೀರ ಸಾಮಾನ್ಯ. ದೊಡ್ಡ ಎಮ್ಮೆಯ ಎದೆಸುತ್ತು 70 ಅಂಗುಲ, ಭುಜದ ತುದಿಯಿಂದ ಹಿಂಬದಿಯ ಮೂಳೆಯವರೆಗೆ ಉದ್ದ 60 ಅಂಗುಲ ಎನ್ನೋಣ. ಸುತ್ತನ್ನು ಸುತ್ತಿನಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ 980 ಪೌಂಡ್, ಅಂದರೆ ಸುಮಾರು 445 ಕಿಲೋ. ಯಕೃತ್ತಿನ ಹುಳುವಿಗೆ ಕಿಲೋಗೆ 10 ಮಿಲಿಗ್ರಾಂ ಆಲ್ಬೆಂಡಜೋಲ್ ಬೇಕು, ಒಟ್ಟು ಸುಮಾರು ನಾಲ್ಕೂವರೆ ಗ್ರಾಂ. ಶೇ. 2.5ರ ದ್ರಾವಣದ 100 ಮಿಲಿಲೀಟರ್ ಬಾಟಲಿಯಲ್ಲಿ ಇರುವುದು ಎರಡೂವರೆ ಗ್ರಾಂ. ಎಮ್ಮೆಗೊಂದು ಬಾಟಲಿ ಎಂಬ ರೂಢಿ ಹುಳುವಿಗೆ ಔಷಧದ ಪರಿಚಯ ಮಾಡಿಕೊಡುತ್ತದೆಯೇ ಹೊರತು ಕೊಲ್ಲುವುದಿಲ್ಲ. ಕುಡಿಸುವಾಗ ನಾಲಿಗೆ ಎಳೆದು, ತಲೆಯನ್ನು ಆಕಾಶಕ್ಕೆ ಎತ್ತಿ ಗೊಟ್ಟದಲ್ಲಿ ಸುರಿಯಬಾರದು. ಶ್ವಾಸಕೋಶಕ್ಕೆ ಹೋದ ಔಷಧದಿಂದ ಒಳ್ಳೆಯ ದನಗಳು ಸತ್ತಿವೆ. ಗಬ್ಬ ಕಟ್ಟಿದ ಮೊದಲ ಒಂದೂವರೆ ತಿಂಗಳು ಆಲ್ಬೆಂಡಜೋಲ್ ಬೇಡ, ಭ್ರೂಣಕ್ಕೆ ಕೇಡು. ಲೆವಮಿಸೋಲ್, ಕ್ಲೋಸಾಂಟೆಲ್‌ಗಳಲ್ಲಿ ಡೋಸು ಮೀರಿದರೆ ವಿಷವಾಗುತ್ತದೆ.

ಹಾಲಿನ ವಿಷಯದಲ್ಲಿ ನಾವು ಇನ್ನೂ ಗಂಭೀರವಾಗಬೇಕು. ಆಹಾರ ಕೊಡುವ ಪ್ರಾಣಿಗಳ ಔಷಧದ ಲೇಬಲ್ಲಿನ ಮೇಲೆ ಹಾಲು-ಮಾಂಸ ಬಳಸದೆ ಕಾಯಬೇಕಾದ ಅವಧಿಯನ್ನು ಬರೆಯಲೇಬೇಕು ಎಂದು 2012ರ ಜನವರಿಯಲ್ಲಿ ಔಷಧ ಮತ್ತು ಪ್ರಸಾಧನ ನಿಯಮಗಳಿಗೆ ತಿದ್ದುಪಡಿಯಾಯಿತು. ಪರೀಕ್ಷಿಸಿ ನಿಗದಿಪಡಿಸಿದ ಅವಧಿ ಇಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ದಿನಾ ಬೆಳಿಗ್ಗೆ ಮನೆಮನೆಗೆ ಹಾಲು ಹಾಕುವವರು ಏಳು ದಿನದ ಹಾಲನ್ನು ಚೆಲ್ಲುತ್ತಾರೆಯೇ? ಅವರನ್ನು ಬೈದು ಪ್ರಯೋಜನವಿಲ್ಲ, ಚೆಲ್ಲದಿರುವ ದಾರಿ ತೋರಿಸಬೇಕು. ಹಾಲು ಬತ್ತಿದ ಎರಡು ತಿಂಗಳು ಅಂಥ ಅವಕಾಶ. ಯಕೃತ್ತಿನ ಹುಳುವಿನ ಔಷಧಕ್ಕೆ ಹೇಳಿಮಾಡಿಸಿದ ಕಾಲವದು. ನಗರದ ತಬೇಲಾಗಳಲ್ಲಿ ಬತ್ತಿದ ಎಮ್ಮೆಯನ್ನು ಮಾರಿ ಹಾಲಿನ ಎಮ್ಮೆಯನ್ನು ತರುವ ವಾಡಿಕೆಯಿರುವುದರಿಂದ ಆ ಅವಕಾಶ ಕೈತಪ್ಪುತ್ತದೆ. ಅಲ್ಲಿ ಮಾರುವವರ ಊರಿನಲ್ಲೇ, ಕರು ಹಾಕುವ ಮುನ್ನ ಕೊಡಿಸುವ ಒಪ್ಪಂದ ಮಾಡಿಕೊಳ್ಳುವುದು ಮೇಲು. ಹಿಂಡುವ ದನಕ್ಕೆ ಐವರ್ಮೆಕ್ಟಿನ್ ಬೇಡವೆಂದು ಅನೇಕ ದೇಶಗಳ ಲೇಬಲ್ಲು ಹೇಳುತ್ತದೆ. ಅದೇ ವರ್ಗದ ಎಪ್ರಿನೋಮೆಕ್ಟಿನ್ ಹಾಲಿಗಿಳಿಯುವುದು ಬಹಳ ಕಡಿಮೆ.

ಐವರ್ಮೆಕ್ಟಿನ್ ಸಗಣಿಯಲ್ಲೂ ಹೊರಬರುತ್ತದೆ. ಅಂಥ ಸಗಣಿಯಲ್ಲಿ ಸಗಣಿಹುಳುಗಳು ಬೆಳೆಯದೆ, ಅದು ಕೊಳೆಯದೆ ಬಿದ್ದಿರುವುದನ್ನು ವಾಲ್ ಮತ್ತು ಸ್ಟ್ರಾಂಗ್ 1987ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಸಗಣಿಯನ್ನೇ ನಂಬಿದ ನಮ್ಮ ಹೊಲಗಳಿಗೆ ಇದು ಸಣ್ಣ ಮಾತಲ್ಲ. ಗಿಡಮೂಲಿಕೆಯ ಕಡೆಗೂ ಆಸಕ್ತಿ ಹೆಚ್ಚಿದೆ. ಮುತ್ತುಗದ ಬೀಜವನ್ನು ಹಳ್ಳಿಯವರು ಮೊದಲಿಂದಲೂ ಬಳಸಿದ್ದಾರೆ. ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದ ಜೊತೆ ಹೈನು ಮಂಡಳಿ ಪ್ರಚುರಪಡಿಸುವ ಮದ್ದಿನಲ್ಲಿ ಬೆಳ್ಳುಳ್ಳಿ, ಬೇವು, ಹಾಗಲ, ತುಂಬೆ, ಬಾಳೆದಿಂಡು, ಬೆಲ್ಲ ಇವೆ. ಇವನ್ನು ನಾನು ಗೌರವಿಸುತ್ತೇನೆ. ಆದರೆ ಗದ್ದದಲ್ಲಿ ನೀರಿಳಿದ ಎಮ್ಮೆಗೆ ಇದನ್ನೇ ನಂಬಿ ಕೂರಲು ಸಾಕಷ್ಟು ಪುರಾವೆ ಇಲ್ಲ.

ಔಷಧವಿಲ್ಲದೆ ಹುಳುವನ್ನು ತಡೆಯುವ ಕೆಲಸದಲ್ಲಿ ಇಂಡೊನೇಷ್ಯಾದ ಭತ್ತದ ಸೀಮೆ ನಮಗಿಂತ ಮುಂದಿದೆ. ಸುಹಾರ್ದೊನೊ, ಕೋಪ್ಮನ್ ಮೊದಲಾದವರು ಅಲ್ಲಿ ತೋರಿಸಿದ್ದು: ಕೊಟ್ಟಿಗೆಯ ಸಗಣಿ ಹರಿದು ಸೇರುವ ಪಕ್ಕದ ಗದ್ದೆಯೇ ಅತಿ ಅಪಾಯಕಾರಿ, ಕೋಶಗಳು ಹುಲ್ಲಿನ ಬುಡದಲ್ಲೇ ಇರುತ್ತವೆ. ಆ ಗದ್ದೆಯ ಹುಲ್ಲಿನ ಮೇಲಿನ ಮೂರನೇ ಎರಡು ಭಾಗವನ್ನು ಮಾತ್ರ ಹಾಕಬೇಕು, ಬುಡದ ಭಾಗವನ್ನು ಮೂರು ದಿನ ಬಿಸಿಲಿಗೆ ಒಣಗಿಸಬೇಕು. ಬಾತುಕೋಳಿಯ ಒಂದು ಹುಳುವಿನ ಮರಿಗಳನ್ನು ಅದೇ ಬಸವನಹುಳುವಿಗೆ ಸೇರಿಸಿದರೆ ಅವು ಯಕೃತ್ತಿನ ಹುಳುವಿನ ಮರಿಗಳನ್ನು ಒಳಗೇ ತಿಂದುಹಾಕುತ್ತವೆ ಎಂಬುದನ್ನೂ ಅವರು ಗದ್ದೆಯಲ್ಲೇ ಪ್ರಯೋಗಿಸಿದರು. 2015ರಿಂದ ಮಿಷನ್ ಕಾಕತೀಯದಡಿ ಕೆರೆಗಳ ಹೂಳು ತೆಗೆದು ಭತ್ತ ಹರಡಿದ ತೆಲಂಗಾಣಕ್ಕೆ ಈ ಸಲಹೆ ಇಂದೇ ಬೇಕಾಗಿದೆ, ನೀರು ಬಂದಲ್ಲಿ ಬಸವನಹುಳುವೂ ಬರುತ್ತದೆ. ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ಎರಡು ತಿಂಗಳು ಮುಂಚಿತವಾಗಿ ಕೊಡುವ ಜಾನುವಾರು ರೋಗ ಮುನ್ಸೂಚನೆಯಲ್ಲಿ ಯಕೃತ್ತಿನ ಹುಳುವಿನ ರೋಗವೂ ಇದೆ. ಅದು ಹಳ್ಳಿಯಲ್ಲಿ ಪಶುಸೇವೆ ಮಾಡುವ ಗೋಪಾಲಮಿತ್ರರ ಕೈಗೆ, ಸಾಕುವವರ ಭಾಷೆಯಲ್ಲಿ ತಲುಪಬೇಕು.

ದನಕ್ಕೆ ಎಷ್ಟು ಔಷಧ ಕುಡಿಸಿದರೂ ತಡೆಯಲಾಗದ ಒಂದು ಹುಳು ಉಳಿಯುತ್ತದೆ. ನಾಯಿಯ ಕರುಳಲ್ಲಿರುವ ಎಕಿನೋಕಾಕಸ್ ಎಂಬ ಪುಟ್ಟ ಲಾಡಿಹುಳುವಿನ ಮೊಟ್ಟೆ ಹುಲ್ಲಿಗೆ ಬಿದ್ದು, ಎಮ್ಮೆಯ ಶ್ವಾಸಕೋಶ, ಯಕೃತ್ತುಗಳಲ್ಲಿ ನೀರುಗುಳ್ಳೆಯಾಗುತ್ತದೆ. ಆ ಗುಳ್ಳೆಯಿರುವ ಅಂಗವನ್ನು ಕಸಾಯಿಖಾನೆಯ ಹಿಂದೆ ಎಸೆದರೆ ಅದನ್ನು ತಿಂದ ನಾಯಿಯಲ್ಲಿ ಆರೇಳು ವಾರಕ್ಕೆ ಹುಳು ಮತ್ತೆ ಮೊಟ್ಟೆಯಿಡುತ್ತದೆ. ತಬೇಲಾದ ಬಾಗಿಲಲ್ಲಿ ಮಲಗುವ ನಾಯಿಯನ್ನು ಮುಟ್ಟಿದ ಕೈಯಿಂದ ಮಕ್ಕಳಿಗೂ ಇದೇ ಗುಳ್ಳೆ ಬರುತ್ತದೆ, ಅದಕ್ಕೆ ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೇ ಗತಿ. ಇಲ್ಲಿ ಬೇಕಾದ ಜಂತಿನ ಔಷಧ ಪ್ರಾಜಿಕ್ವಾಂಟೆಲ್, ಕೊಡಬೇಕಾದದ್ದು ನಾಯಿಗೆ. ಕೆಟ್ಟ ಅಂಗಗಳನ್ನು ನಾಯಿಗೆ ಸಿಗದಂತೆ ಸುಡುವುದು ಅಥವಾ ಆಳವಾಗಿ ಹೂಳುವುದು ಚೆಂಗಿಚೆರ್ಲದಂಥ ದೊಡ್ಡ ವಧಾಗಾರಕ್ಕೂ ಗಲ್ಲಿಯ ಸಣ್ಣ ಅಂಗಡಿಗೂ ಒಂದೇ ರೀತಿ ಕಡ್ಡಾಯವಾಗಬೇಕು.